ಸಂಯೋಜಕ ಅಂಗಾಂಶದ ಕಾಯಿಲೆ ಇದ್ದರೆ ಯಾವ ಬಿಪಿ ಮಾತ್ರೆ ಹೊಂದುತ್ತದೆ?

ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯನ್ನೇ ಉದಾಹರಣೆಗೆ ನೋಡಿ. ಸ್ಕ್ಲೀರೋಡರ್ಮ (ಚರ್ಮ ಬಿಗಿಯುವ ಕಾಯಿಲೆ) ಇರುವ ಒಬ್ಬರಿಗೆ ಅದು ಬೆರಳುಗಳಿಗೆ ರಕ್ತ ಹರಿಸಿ ನೋವು ಕಡಿಮೆ ಮಾಡುತ್ತದೆ. ಮಾರ್ಫನ್ ಸಿಂಡ್ರೋಮ್ ಇರುವ ಇನ್ನೊಬ್ಬರಿಗೆ ಅದೇ ಮಾತ್ರೆ ಬರೆಯುವ ಮುಂಚೆ ಹೃದಯದ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಇಬ್ಬರ ಫೈಲಿನ ಮೇಲೂ ಇರುವುದು 'ಸಂಯೋಜಕ ಅಂಗಾಂಶದ ಕಾಯಿಲೆ' ಎಂಬ ಒಂದೇ ಹೆಸರು. ಹಾಗಾದರೆ ಯಾರ ಮಾತು ನಂಬಬೇಕು ಎಂದು ಗೊಂದಲ ಆಗುವುದು ಸಹಜ, ಅಲ್ವಾ?

ಆ ಹೆಸರೇ ಗೊಂದಲದ ಮೂಲ. ಅದರೊಳಗೆ ಎರಡು ಬೇರೆ ಬೇರೆ ಗುಂಪುಗಳಿವೆ. ಒಂದು, ಹುಟ್ಟಿನಿಂದಲೇ ಜೀನ್‌ನಲ್ಲಿ ಬರುವಂಥದ್ದು: ಮಾರ್ಫನ್, ಎಹ್ಲರ್ಸ್-ಡಾನ್ಲೋಸ್, ಲೋಯ್ಸ್-ಡೀಟ್ಜ್. ಇವುಗಳಲ್ಲಿ ದೇಹವನ್ನು ಹಿಡಿದಿಡುವ ನಾರಿನಂಥ ಅಂಗಾಂಶವೇ ಸಡಿಲ ಅಥವಾ ದುರ್ಬಲ. ಇನ್ನೊಂದು, ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೇ ತಿರುಗಿ ಬೀಳುವಂಥದ್ದು: ಲೂಪಸ್, ಸ್ಕ್ಲೀರೋಡರ್ಮ, ಶೋಗ್ರೆನ್ ಮುಂತಾದವು. ಬಿಪಿ ಮಾತ್ರೆ ತಿಂದು ಮೊದಲ ಗುಂಪಿನ ಕಾಯಿಲೆ ಯಾರಿಗೂ ಬರುವುದಿಲ್ಲ. ಎರಡನೇ ಗುಂಪಿನ ಕೆಲವು ಲಕ್ಷಣಗಳನ್ನು ಮಾತ್ರ ಕೆಲವು ಮಾತ್ರೆಗಳು ನಿಜಕ್ಕೂ ಹುಟ್ಟಿಸಬಲ್ಲವು. ಈ ಗೆರೆಯನ್ನು ಮೊದಲೇ ಎಳೆದುಕೊಂಡರೆ ಅರ್ಧ ಭಯ ಇಲ್ಲೇ ಇಳಿಯುತ್ತದೆ.

ಮುಂದೆ ಓದುವ ಮುಂಚೆ ಒಂದು ಕೋರಿಕೆ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಅದರಲ್ಲೂ ಎದೆಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಎಂಬ ಗುಂಪಿನ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಬಿಪಿ, ಎದೆಬಡಿತ ಎರಡೂ ಜಿಗಿಯುತ್ತವೆ. ಮಹಾಪಧಮನಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ದುರ್ಬಲ ಇರುವವರಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಯಾವುದನ್ನು ನೋಡಿ ಆರಿಸಬೇಕು

ಮೊದಲ ಪ್ರಶ್ನೆ: ನಿಮ್ಮ ದೇಹದಲ್ಲಿ ಅಪಾಯ ಇರುವುದು ಎಲ್ಲಿ? ಮಹಾಪಧಮನಿಯಲ್ಲೋ, ಬೆರಳ ತುದಿಯಲ್ಲೋ, ಕಿಡ್ನಿಯಲ್ಲೋ, ಚರ್ಮದಲ್ಲೋ? ಕಾಯಿಲೆಯ ಹೆಸರಿಗಿಂತ ಇದಕ್ಕೆ ಸಿಗುವ ಉತ್ತರವೇ ಮಾತ್ರೆಯನ್ನು ತೀರ್ಮಾನಿಸುತ್ತದೆ. ನನ್ನ ಮಟ್ಟಿಗೆ ಉಳಿದ ಪ್ರಶ್ನೆಗಳೆಲ್ಲ ಇದರ ಹಿಂದೆ ಬರುತ್ತವೆ.

ಎರಡನೆಯದು, ಆ ಮಾತ್ರೆಗೆ ಲೂಪಸ್ ತರಹದ ತೊಂದರೆ ತರುವ ಗುಣ ಇದೆಯೇ ಎಂಬುದು. ಮೂರನೆಯದು, ಜೊತೆಗೆ ಏನೇನು ನುಂಗುತ್ತಿದ್ದೀರಿ. ಸ್ಟೆರಾಯ್ಡ್, ನೋವಿನ ಮಾತ್ರೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಇದ್ದರೆ ಲೆಕ್ಕ ಬದಲಾಗುತ್ತದೆ. ನಾಲ್ಕನೆಯದು, ಮಗು ಬೇಕೆಂಬ ಯೋಚನೆ ಇದೆಯೇ. ಐದನೆಯದು, ಎದ್ದು ನಿಂತಾಗ ನಿಮ್ಮ ಬಿಪಿ ಹೇಗಿರುತ್ತದೆ. ಕೊನೆಗೆ ಖರ್ಚು. ಖರ್ಚು ಅಂದರೆ ಮಾತ್ರೆಯ ಬೆಲೆ ಒಂದೇ ಅಲ್ಲ, ಅದರ ಜೊತೆ ಮಾಡಿಸಬೇಕಾದ ರಕ್ತಪರೀಕ್ಷೆಗಳೂ ಸೇರಿ.

ಬೀಟಾ ಬ್ಲಾಕರ್: ಮಹಾಪಧಮನಿಗೆ ಕಾವಲು, ಬೆರಳಿಗೆ ಕಷ್ಟ

ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಈ ಗುಂಪಿನವು. ಇವು ಬಿಪಿ ಇಳಿಸುವುದರ ಜೊತೆಗೆ ಹೃದಯ ಪ್ರತಿ ಬಡಿತಕ್ಕೂ ರಕ್ತವನ್ನು ತಳ್ಳುವ ರಭಸವನ್ನು ಕಡಿಮೆ ಮಾಡುತ್ತವೆ. ಮಾರ್ಫನ್ ಇರುವವರಲ್ಲಿ ಮಹಾಪಧಮನಿಯ ಬುಡ ನಿಧಾನವಾಗಿ ಉಬ್ಬುತ್ತಾ ಹೋಗುತ್ತದೆ. ಪ್ರತಿ ಬಡಿತದ ಹೊಡೆತವೂ ಆ ಗೋಡೆಗೇ ಬೀಳುತ್ತದೆ. ಹೊಡೆತ ಮೆತ್ತಗಾದಷ್ಟೂ ಗೋಡೆ ಜಾಸ್ತಿ ದಿನ ತಡೆಯುತ್ತದೆ. 1994ರಲ್ಲಿ ಪ್ರಕಟವಾದ, 70 ಜನರನ್ನು ಗಮನಿಸಿದ ಪ್ರೊಪ್ರನೊಲಾಲ್ ಅಧ್ಯಯನ ಇದನ್ನು ತೋರಿಸಿತು. ಆಮೇಲೆ ಇದೇ ಮೊದಲ ಆಯ್ಕೆಯಾಗಿ ನಿಂತಿತು.

ಎಹ್ಲರ್ಸ್-ಡಾನ್ಲೋಸ್‌ನಲ್ಲಿ ರಕ್ತನಾಳಗಳೇ ಹರಿಯುವ ಒಂದು ಬಗೆ ಇದೆ. ಅದಕ್ಕೆ ಸೆಲಿಪ್ರೊಲಾಲ್ ಎಂಬ ಸ್ವಲ್ಪ ಬೇರೆ ಥರದ ಬೀಟಾ ಬ್ಲಾಕರ್ ಪರೀಕ್ಷೆಯಾಗಿದೆ. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 53 ಜನ ಇದ್ದರು. ಮಾತ್ರೆ ಪಡೆದ 25 ಜನರಲ್ಲಿ 5 ಮಂದಿಗೆ ರಕ್ತನಾಳ ಹರಿಯುವಂಥ ಘಟನೆ ಆಯಿತು. ಪಡೆಯದ 28 ಜನರಲ್ಲಿ 14 ಮಂದಿಗೆ ಆಯಿತು. ಸಂಖ್ಯೆ ಸಣ್ಣದು. ಆದರೆ ಕಾಯಿಲೆಯೇ ಅಪರೂಪದ್ದು, ಬೇರೆ ಮದ್ದಿಗೆ ಇಷ್ಟೂ ಆಧಾರ ಇಲ್ಲ. ತೊಡಕು ಏನೆಂದರೆ ಎಲ್ಲ ದೇಶಗಳಲ್ಲೂ ಇದು ಸಿಗುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ 2019ರಲ್ಲಿ ಅನುಮತಿ ಸಿಗಲಿಲ್ಲ. ಹಾಗಾಗಿ ಈ ಬಗೆ ಇರುವವರು ಮಾತ್ರೆ ನಿಜವಾಗಿ ಸಿಗುತ್ತದೆಯೇ, ತಿಂಗಳು ತಿಂಗಳೂ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಈಗ ಇನ್ನೊಂದು ಮುಖ. ನಮ್ಮ ಅಕ್ಕನಿಗೆ ಸ್ಕ್ಲೀರೋಡರ್ಮ. ಅದರ ಜೊತೆಗೆ ರೇನಾಡ್ಸ್, ಅಂದರೆ ತಣ್ಣೀರು ಮುಟ್ಟಿದರೂ ಬೆರಳು ಬಿಳಿಚಿಕೊಂಡು, ನೀಲಿಯಾಗಿ, ಆಮೇಲೆ ಕೆಂಪಗೆ ಉರಿಯುವ ತೊಂದರೆ. ಬಿಪಿ ಮತ್ತು ಎದೆಬಡಿತಕ್ಕೆಂದು ಅವಳಿಗೆ ಒಬ್ಬ ವೈದ್ಯರು ಬೀಟಾ ಬ್ಲಾಕರ್ ಬರೆದರು. ಬೆರಳಿನ ವಿಷಯ ಅವರು ಕೇಳಲಿಲ್ಲ. ಬಿಪಿಗೂ ಬೆರಳಿಗೂ ಏನು ಸಂಬಂಧ ಅಂತ ಅಕ್ಕನೂ ಹೇಳಲಿಲ್ಲ. ಮೂರೇ ವಾರದಲ್ಲಿ ಎರಡು ಬೆರಳ ತುದಿಯಲ್ಲಿ ಹುಣ್ಣು ಎದ್ದಿತು. ಮಾತ್ರೆ ಬದಲಿಸಿದ ಮೇಲೆ ಹುಣ್ಣು ಮಾಯಲು ತಿಂಗಳುಗಳೇ ಬೇಕಾದವು. ಆ ದಿನಗಳಲ್ಲಿ ಅವಳಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಬೀಟಾ ಬ್ಲಾಕರ್ ತುದಿಭಾಗದ ಸಣ್ಣ ರಕ್ತನಾಳಗಳನ್ನು ಇನ್ನಷ್ಟು ಬಿಗಿಯಬಹುದು ಎಂಬುದು ಹಳೆಯ ಸಂಗತಿ. ರೇನಾಡ್ಸ್ ಇದ್ದರೆ ಅದನ್ನು ಚೀಟಿ ಬರೆಯುವ ಮುಂಚೆಯೇ ಹೇಳಿಬಿಡಿ, ಯಾರೂ ಕೇಳದಿದ್ದರೂ ಹೇಳಿ.

ಆಸ್ತಮಾ ಇದ್ದವರಿಗೂ ಈ ಗುಂಪು ಅಷ್ಟು ಸರಿಹೋಗುವುದಿಲ್ಲ. ಸುಸ್ತು ಜಾಸ್ತಿ ಆಗುತ್ತದೆ ಎನ್ನುವವರೂ ಇದ್ದಾರೆ. ಬೆಲೆ ಮಾತ್ರ ಕಡಿಮೆ. ಹಳೆಯ ಮಾತ್ರೆಗಳಾದ್ದರಿಂದ ಜೆನೆರಿಕ್ ರೂಪದಲ್ಲಿ ಸುಲಭವಾಗಿ ಸಿಗುತ್ತವೆ, ಪದೇ ಪದೇ ರಕ್ತಪರೀಕ್ಷೆಯೂ ಬೇಡ.

ಸಾರ್ಟಾನ್‌ಗಳು: ಆಸೆ, ನಿರಾಸೆ, ಮತ್ತೆ ಆಸೆ

ಲೊಸಾರ್ಟಾನ್, ಇರ್ಬೆಸಾರ್ಟಾನ್, ಟೆಲ್ಮಿಸಾರ್ಟಾನ್ ಮುಂತಾದವು ಈ ಗುಂಪು. 2006ರಲ್ಲಿ ಮಾರ್ಫನ್ ಇರುವ ಇಲಿಗಳಿಗೆ ಲೊಸಾರ್ಟಾನ್ ಕೊಟ್ಟಾಗ ಮಹಾಪಧಮನಿ ಉಬ್ಬುವುದು ಹೆಚ್ಚೂಕಡಿಮೆ ನಿಂತೇಹೋಯಿತು. ಬಿಪಿ ಇಳಿದದ್ದು ಮಾತ್ರ ಇದಕ್ಕೆ ಕಾರಣ ಅಲ್ಲ, ಅಂಗಾಂಶವನ್ನು ಕೆಡಿಸುವ ಟಿಜಿಎಫ್-ಬೀಟಾ ಎಂಬ ಸಂಕೇತವನ್ನೇ ಅದು ತಗ್ಗಿಸುತ್ತದೆ ಎಂದು ಸಂಶೋಧಕರು ಹೇಳಿದರು. ಎಷ್ಟೋ ಕುಟುಂಬಗಳು ಅಂದು ಕಣ್ಣೊರೆಸಿಕೊಂಡಿರಬೇಕು.

ಆದರೆ ಮನುಷ್ಯರಲ್ಲಿ ಚಿತ್ರ ಅಷ್ಟು ಸರಳ ಆಗಲಿಲ್ಲ. 2014ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ 608 ಮಕ್ಕಳು ಮತ್ತು ಯುವಜನರು ಇದ್ದರು. ಅಟೆನೊಲಾಲ್ ತೆಗೆದುಕೊಂಡವರಿಗೂ ಲೊಸಾರ್ಟಾನ್ ತೆಗೆದುಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. 'ಲೊಸಾರ್ಟಾನ್ ಸೋತಿತು' ಎಂದು ಹಲವರು ಓದಿಕೊಂಡರು. ನನಗೆ ಅದು ಸರಿಯಾದ ಓದು ಅನಿಸುವುದಿಲ್ಲ. ಕೆಲಸ ಮಾಡುವ ಹಳೆಯ ಮಾತ್ರೆಗೆ ಸಮನಾಗಿ ಹೊಸದು ನಿಂತರೆ ಅದು ಸೋಲು ಹೇಗಾಗುತ್ತದೆ? ಬೀಟಾ ಬ್ಲಾಕರ್ ಒಗ್ಗದವರಿಗೆ ಅದೊಂದು ಬಾಗಿಲು. 2019ರಲ್ಲಿ ಬ್ರಿಟನ್ನಿನ 192 ಜನರ ಅಧ್ಯಯನದಲ್ಲಿ ಇರ್ಬೆಸಾರ್ಟಾನ್ ಪಡೆದವರಲ್ಲಿ ಮಹಾಪಧಮನಿ ಉಬ್ಬುವ ವೇಗ ಕಡಿಮೆಯಾಗಿತ್ತು. 2022ರಲ್ಲಿ ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ನೋಡಿದಾಗ, ಸಾರ್ಟಾನ್‌ಗಳು ಆ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ, ಬೀಟಾ ಬ್ಲಾಕರ್ ಪರಿಣಾಮವೂ ಅಷ್ಟೇ, ಎರಡನ್ನೂ ಸೇರಿಸಿದರೆ ಇನ್ನೂ ಒಳ್ಳೆಯದಾಗಬಹುದು ಎಂದು ತಿಳಿಯಿತು. ಹಾಗಾಗಿ 'ಇದೋ ಅದೋ' ಎಂಬ ಪ್ರಶ್ನೆ ಈಗ ಎಷ್ಟೋ ಮಾರ್ಫನ್ ರೋಗಿಗಳಿಗೆ 'ಎರಡೂ ಬೇಕೇ' ಎಂಬುದಾಗಿದೆ.

ಸಾರ್ಟಾನ್‌ಗಳಿಗೆ ಬೇರೆ ಗುಣಗಳೂ ಇವೆ. ಲೂಪಸ್‌ನಿಂದ ಕಿಡ್ನಿಗೆ ಪೆಟ್ಟಾಗಿ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೆ ಆ ಸೋರಿಕೆಯನ್ನು ತಗ್ಗಿಸುತ್ತವೆ. ರೇನಾಡ್ಸ್ ಅನ್ನು ಕೆಣಕುವುದಿಲ್ಲ. ಲೊಸಾರ್ಟಾನ್ ಯೂರಿಕ್ ಆಮ್ಲವನ್ನೂ ಸ್ವಲ್ಪ ಇಳಿಸುತ್ತದೆ. ಒಣ ಕೆಮ್ಮು ಬಹಳ ಅಪರೂಪ. ಶುರು ಮಾಡಿ ಒಂದೆರಡು ವಾರಕ್ಕೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ಅಂಶ), ಪೊಟ್ಯಾಸಿಯಂ ಪರೀಕ್ಷೆ ಆಗಬೇಕು. ಕಿಡ್ನಿ ಈಗಾಗಲೇ ಸೊರಗಿದ್ದರೆ ಆಗಾಗ ಆಗಬೇಕು. ಮಾತ್ರೆ ಅಗ್ಗ ಇದ್ದರೂ ಈ ಖರ್ಚನ್ನು ಸೇರಿಸಿಯೇ ಲೆಕ್ಕ ಹಾಕಿ.

ಎಸಿಇ ಇನ್ಹಿಬಿಟರ್: ಸ್ಕ್ಲೀರೋಡರ್ಮದಲ್ಲಿ ಜೀವ ಉಳಿಸಿದ ಗುಂಪು

ಹೆಸರು 'ಪ್ರಿಲ್' ಎಂದು ಮುಗಿಯುವ ಮಾತ್ರೆಗಳು ಇವು: ಕ್ಯಾಪ್ಟೊಪ್ರಿಲ್, ಎನಲಾಪ್ರಿಲ್, ರಾಮಿಪ್ರಿಲ್. ಸ್ಕ್ಲೀರೋಡರ್ಮದಲ್ಲಿ ಕೆಲವರಿಗೆ ಬಿಪಿ ದಿಢೀರನೆ ಏರಿ ಕಿಡ್ನಿ ದಿನಗಳಲ್ಲೇ ಕೈಕೊಡುತ್ತದೆ. ಒಂದು ಕಾಲದಲ್ಲಿ ಹೀಗಾದವರಲ್ಲಿ ಒಂದು ವರ್ಷ ಬದುಕಿ ಉಳಿಯುತ್ತಿದ್ದವರು 100ಕ್ಕೆ ಸುಮಾರು 15 ಜನ. 1979ರಲ್ಲಿ ಕ್ಯಾಪ್ಟೊಪ್ರಿಲ್‌ನಿಂದ ಗುಣ ಕಂಡ ವರದಿ ಬಂತು. 1990ರ ಹೊತ್ತಿಗೆ ಪ್ರಕಟವಾದ ಅಂಕಿಗಳಲ್ಲಿ, ಈ ಗುಂಪಿನ ಮಾತ್ರೆ ಪಡೆದವರಲ್ಲಿ ಒಂದು ವರ್ಷ ಬದುಕಿದವರು 100ಕ್ಕೆ 76. ಬಿಪಿ ಮಾತ್ರೆಗಳ ಇತಿಹಾಸದಲ್ಲಿ ಇಷ್ಟು ದೊಡ್ಡ ತಿರುವು ನನಗಂತೂ ಬೇರೆ ಕಾಣುವುದಿಲ್ಲ.

ಹಾಗಾದರೆ ಸ್ಕ್ಲೀರೋಡರ್ಮ ಇರುವವರೆಲ್ಲ ಮುಂಚಿತವಾಗಿಯೇ ಇದನ್ನು ನುಂಗಬೇಕೇ? ಬೇಡ. ಮುಂಚೆ ತೆಗೆದುಕೊಂಡರೆ ಆ ಬಿಕ್ಕಟ್ಟು ಬರದಂತೆ ತಡೆಯಬಹುದು ಎಂದು ಸಾಬೀತಾಗಿಲ್ಲ. ಬಿಕ್ಕಟ್ಟು ಬರುವಾಗ ಮೊದಲೇ ಈ ಮಾತ್ರೆಯ ಮೇಲಿದ್ದವರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು ಎಂದು ತೋರಿಸಿದ ಅಧ್ಯಯನವೂ ಇದೆ. ಅದಕ್ಕಿಂತ ಮನೆಯಲ್ಲೊಂದು ಬಿಪಿ ಯಂತ್ರ ಇಟ್ಟುಕೊಳ್ಳುವುದು ಉಪಯೋಗ. ಚರ್ಮ ಬೇಗ ಬೇಗ ಬಿಗಿಯುತ್ತಿರುವ ಮೊದಲ ವರ್ಷಗಳಲ್ಲಿ, ಅದರಲ್ಲೂ ಜಾಸ್ತಿ ಪ್ರಮಾಣದ ಸ್ಟೆರಾಯ್ಡ್ ತೆಗೆದುಕೊಳ್ಳುವಾಗ, ವಾರಕ್ಕೆ ಹಲವು ಸಲ ನೋಡಿ ಬರೆದಿಡಿ. ಯಾವಾಗಲೂ 110 ಇರುವವರಿಗೆ 140 ಬಂದರೂ ಅದು ದೊಡ್ಡ ಏರಿಕೆಯೇ. ಅಂದೇ ಫೋನ್ ಮಾಡಿ.

ಒಣ ಕೆಮ್ಮು ಈ ಗುಂಪಿನ ದೊಡ್ಡ ಕಿರಿಕಿರಿ. ಸ್ಕ್ಲೀರೋಡರ್ಮದಲ್ಲಿ ಶ್ವಾಸಕೋಶಕ್ಕೂ ಪೆಟ್ಟಾಗಬಹುದಾದ್ದರಿಂದ ಕೆಮ್ಮು ಮಾತ್ರೆಯದ್ದೋ ಕಾಯಿಲೆಯದ್ದೋ ಎಂದು ತಿಳಿಯದೆ ಒದ್ದಾಡಬೇಕಾಗುತ್ತದೆ. ತುಟಿ, ನಾಲಿಗೆ ದಿಢೀರನೆ ಊದಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಪರೂಪ, ಆದರೆ ಉಸಿರು ಕಟ್ಟಿಸಬಲ್ಲದು.

ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್: ಯಾರಿಗೆ ಗೆಳೆಯ, ಯಾರಿಗೆ ಅನುಮಾನ

ಅಮ್ಲೋಡಿಪಿನ್, ನಿಫೆಡಿಪಿನ್ ರಕ್ತನಾಳಗಳನ್ನು ಸಡಿಲಿಸುತ್ತವೆ. ರೇನಾಡ್ಸ್‌ಗೆ ಇವೇ ಮೊದಲ ಮದ್ದು. ಬಿಪಿಯೂ ಇದ್ದು ಬೆರಳಿನ ತೊಂದರೆಯೂ ಇದ್ದರೆ ಒಂದೇ ಮಾತ್ರೆಯಲ್ಲಿ ಎರಡು ಕೆಲಸ ಆಗುತ್ತದೆ. ಅಕ್ಕನಿಗೆ ಕೊನೆಗೆ ಒಗ್ಗಿದ್ದು ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್. ಕಾಲಿನ ಗಿಣ್ಣು ಊದಿತು, ಶುರುವಿನಲ್ಲಿ ತಲೆನೋವೂ ಬಂತು. ಆದರೂ ಅವಳು ಅದನ್ನು ಬಿಡಲು ಒಪ್ಪಲಿಲ್ಲ. ಒಸಡು ದಪ್ಪವಾಗುವುದು ಇನ್ನೊಂದು ಪರಿಣಾಮ. ಹಲ್ಲಿನ ವೈದ್ಯರಿಗೆ ಈ ಮಾತ್ರೆಯ ಹೆಸರು ಹೇಳಿದರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ.

ಮಾರ್ಫನ್ ವಿಷಯ ಬೇರೆ. 2015ರಲ್ಲಿ ಮಾರ್ಫನ್ ಇಲಿಗಳಿಗೆ ಅಮ್ಲೋಡಿಪಿನ್ ಕೊಟ್ಟಾಗ ಬಿಪಿ ಇಳಿದರೂ ಮಹಾಪಧಮನಿ ಇನ್ನೂ ಬೇಗ ಉಬ್ಬಿತು, ಕೆಲವಕ್ಕೆ ಒಡೆಯಿತು. ಅದೇ ವರದಿಯಲ್ಲಿ ಈ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದ ಮಾರ್ಫನ್ ರೋಗಿಗಳ ದಾಖಲೆಗಳನ್ನೂ ನೋಡಿದ್ದರು. ಅವರಲ್ಲಿ ಮಹಾಪಧಮನಿ ಸೀಳುವುದು, ಶಸ್ತ್ರಚಿಕಿತ್ಸೆ ಬೇಕಾಗುವುದು ಜಾಸ್ತಿ ಕಂಡಿತು. ಇದರಿಂದ ಮಾತ್ರೆಯೇ ಕಾರಣ ಎಂದು ತೀರ್ಪು ಕೊಡಲಾಗದು. ಬಿಪಿ ಹತೋಟಿಗೆ ಬಾರದವರಿಗೇ ಈ ಮಾತ್ರೆ ಹೆಚ್ಚಾಗಿ ಕೊಟ್ಟಿರಬಹುದಲ್ಲ. ಆದರೂ ಬೇರೆ ಒಳ್ಳೆಯ ಆಯ್ಕೆಗಳು ಕೈಯಲ್ಲಿರುವಾಗ ಮಾರ್ಫನ್, ಲೋಯ್ಸ್-ಡೀಟ್ಜ್ ಇರುವವರು ಇದನ್ನು ಮೊದಲಿಗೇ ಆರಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಗಾಬರಿ ಬೇಡ, ಮುಂದಿನ ಭೇಟಿಗೆ ಕಾಯದೆ ಹೃದಯದ ವೈದ್ಯರನ್ನು ಕೇಳಿ.

ಡಿಲ್ಟಿಯಾಜೆಮ್ ಮತ್ತು ವೆರಪಮಿಲ್ ಇದೇ ಗುಂಪಿನವಾದರೂ ಅವಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ಜೊತೆ ಸೇರಿದರೆ ರಕ್ತದಲ್ಲಿ ಆ ಔಷಧಿಗಳ ಪ್ರಮಾಣ ಏರಿಬಿಡುತ್ತದೆ.

ಡೈಯುರೆಟಿಕ್, ಹೈಡ್ರಲಜಿನ್, ಮೀಥೈಲ್‌ಡೋಪ

ಡೈಯುರೆಟಿಕ್ ಅಂದರೆ ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಮಾತ್ರೆ. ಅವುಗಳಲ್ಲಿ ಹೈಡ್ರೋಕ್ಲೋರೋಥಯಜೈಡ್ ಅಗ್ಗದ್ದು, ಬಹಳ ಜನರಿಗೆ ಒಗ್ಗುತ್ತದೆ. ಆದರೆ ಬಿಸಿಲಿಗೆ ಚರ್ಮವನ್ನು ಸೂಕ್ಷ್ಮವಾಗಿಸುತ್ತದೆ. ಮುಖ, ಎದೆ, ತೋಳಿನ ಮೇಲೆ ಉಂಗುರದಂಥ ಕೆಂಪು ಗಾಯಗಳೇಳುವ ಚರ್ಮದ ಲೂಪಸ್ ತರುವ ಮಾತ್ರೆಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಮೇಲೆ ಹೇಳಿದ ಡಿಲ್ಟಿಯಾಜೆಮ್, ನಿಫೆಡಿಪಿನ್, ವೆರಪಮಿಲ್ ಹೆಸರುಗಳೂ ಇವೆ. ರಕ್ತದಲ್ಲಿ ಆಂಟಿ-ರೋ ಪ್ರತಿಕಾಯ (ಲೂಪಸ್, ಶೋಗ್ರೆನ್ ಇರುವ ಹಲವರಲ್ಲಿ ಕಾಣುವಂಥದ್ದು) ಇರುವವರು ಹೊಸ ಮಾತ್ರೆ ಶುರುವಾದ ಮೊದಲ ಕೆಲವು ತಿಂಗಳು ಚರ್ಮದ ಕಡೆ ಕಣ್ಣಿಡಿ. ಗೌಟ್, ಅಂದರೆ ಯೂರಿಕ್ ಆಮ್ಲ ಸೇರಿ ಕೀಲು ನೋಯುವ ತೊಂದರೆ, ಇದ್ದರೂ ಹೈಡ್ರೋಕ್ಲೋರೋಥಯಜೈಡ್ ಕಷ್ಟ.

ಬಿಪಿ ಮಾತ್ರೆಗಳಲ್ಲಿ ಲೂಪಸ್ ಜೊತೆ ಅತಿ ಹೆಚ್ಚು ತಳಕು ಹಾಕಿಕೊಂಡಿರುವುದು ಹೈಡ್ರಲಜಿನ್. 1950ರ ದಶಕದಲ್ಲೇ ಇದು ಗೊತ್ತಾಗಿತ್ತು. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂಕಿಗಳು ವಿಷಯವನ್ನು ಬಿಡಿಸಿ ಹೇಳುತ್ತವೆ. ದಿನಕ್ಕೆ 50 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಮೂರು ವರ್ಷದಲ್ಲಿ ಯಾರಿಗೂ ಬರಲಿಲ್ಲ. 100 ಮಿಲಿಗ್ರಾಂನಲ್ಲಿ ಶೇ. 5.4, 200 ಮಿಲಿಗ್ರಾಂನಲ್ಲಿ ಶೇ. 10.4. ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ. ಕೀಲುನೋವು, ಜ್ವರ, ಉಸಿರೆಳೆದಾಗ ಎದೆ ಚುಚ್ಚುವುದು ಮುಖ್ಯ ಲಕ್ಷಣಗಳು. ಮಾತ್ರೆ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ವಾರಗಳಲ್ಲಿ, ಇಲ್ಲವೇ ತಿಂಗಳುಗಳಲ್ಲಿ ಇಳಿಯುತ್ತದೆ. ಇದು ನಿಜವಾದ ಲೂಪಸ್‌ನಂತೆ ಜೀವನವಿಡೀ ಕಾಡುವುದು ಅಪರೂಪ. ಮೊದಲೇ ಲೂಪಸ್ ಇರುವವರಿಗೆ ಇದು ಬೇಡ ಎನ್ನಲು ನನ್ನ ಕಾರಣ ಸರಳ: ಕೀಲು ನೋಯಲು ಶುರುವಾದರೆ ಅದು ಕಾಯಿಲೆ ಕೆರಳಿದ್ದೋ ಮಾತ್ರೆಯ ಕೆಲಸವೋ ಹೇಗೆ ಹೇಳುವುದು? ಸುಮ್ನೆ ಸ್ಟೆರಾಯ್ಡ್ ಏರಿಸುವ ಪರಿಸ್ಥಿತಿ ಬರಬಹುದು.

ಮೀಥೈಲ್‌ಡೋಪ ಈಗ ಹೆಚ್ಚಾಗಿ ಬಸುರಿಯರಿಗೆ ಕೊಡುವ ಮಾತ್ರೆ. ಇದು ಕೆಂಪು ರಕ್ತಕಣಗಳಿಗೆ ಅಂಟಿದ ಪ್ರತಿಕಾಯ ಹುಡುಕುವ ಕೂಂಬ್ಸ್ ಎಂಬ ರಕ್ತಪರೀಕ್ಷೆಯನ್ನು ಪಾಸಿಟಿವ್ ಮಾಡಬಹುದು. ಲೂಪಸ್‌ನಲ್ಲೂ ಆ ಪರೀಕ್ಷೆ ಪಾಸಿಟಿವ್ ಬರುವುದುಂಟು. ಪರೀಕ್ಷೆ ಓದುವವರಿಗೆ ಮಾತ್ರೆಯ ಹೆಸರು ತಿಳಿದಿರಲಿ.

ನಿಮ್ಮ ಸ್ಥಿತಿಗೆ ಯಾವುದು

ಮಾರ್ಫನ್ ಅಥವಾ ಲೋಯ್ಸ್-ಡೀಟ್ಜ್: ಬೀಟಾ ಬ್ಲಾಕರ್ ಅಥವಾ ಸಾರ್ಟಾನ್, ಬೇಕಾದರೆ ಎರಡೂ. ಸ್ಕ್ಲೀರೋಡರ್ಮ, ರೇನಾಡ್ಸ್: ನಿಫೆಡಿಪಿನ್ ಅಥವಾ ಅಮ್ಲೋಡಿಪಿನ್. ಅವು ಒಗ್ಗದಿದ್ದರೆ ಲೊಸಾರ್ಟಾನ್ ಬಗ್ಗೆ ಕೇಳಿ. ಲೂಪಸ್ ಜೊತೆ ಕಿಡ್ನಿ ತೊಂದರೆ: ಸಾರ್ಟಾನ್ ಅಥವಾ 'ಪ್ರಿಲ್', ಎರಡನ್ನೂ ಒಟ್ಟಿಗೆ ಅಲ್ಲ. ಹಣದ ಮುಗ್ಗಟ್ಟಿದ್ದರೆ ಈ ಯಾವ ಗುಂಪಿನಲ್ಲೂ ಹಳೆಯ, ಅಗ್ಗದ ಜೆನೆರಿಕ್ ಮಾತ್ರೆ ಇದೆ. ರಕ್ತಪರೀಕ್ಷೆಗೆ ಹೋಗಿಬರುವುದೇ ಕಷ್ಟ ಎನ್ನುವವರಿಗೆ ಬೀಟಾ ಬ್ಲಾಕರ್ ಅಥವಾ ಅಮ್ಲೋಡಿಪಿನ್ ಸುಲಭ, ಕಾಯಿಲೆ ಒಪ್ಪಿದರೆ ಮಾತ್ರ.

ಮಗು ಬೇಕೆಂದಿದ್ದರೆ ಸಾರ್ಟಾನ್, 'ಪ್ರಿಲ್' ಎರಡೂ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಬಸಿರು ನಿಂತ ಮೇಲೆ ಹೇಳೋಣ ಎಂದು ಕಾಯಬೇಡಿ, ಯೋಚನೆ ಬಂದಾಗಲೇ ಹೇಳಿ. ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪ ಆಗ ಬಳಕೆಗೆ ಬರುತ್ತವೆ.

ಕೀಲುಗಳು ಅತಿಯಾಗಿ ಬಾಗುವ ಬಗೆಯ ಎಹ್ಲರ್ಸ್-ಡಾನ್ಲೋಸ್ ಇರುವವರಲ್ಲಿ ಹಲವರಿಗೆ ಎದ್ದು ನಿಂತರೆ ತಲೆ ಸುತ್ತುತ್ತದೆ, ಎದೆ ಬಡಿದುಕೊಳ್ಳುತ್ತದೆ. ಕುಳಿತಾಗ ಸಿಕ್ಕ ಒಂದೇ ಅಳತೆ ನೋಡಿ ಬಿಪಿ ಮಾತ್ರೆ ಶುರು ಮಾಡಿದರೆ ಅವರು ಬಿದ್ದೇ ಹೋಗಬಹುದು. ಮಲಗಿ ಒಮ್ಮೆ, ನಿಂತ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಸಂಖ್ಯೆ 20 ಅಥವಾ ಜಾಸ್ತಿ ಇಳಿದರೆ ಆ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಇವರಿಗೆ ಡೈಯುರೆಟಿಕ್ ಬಹಳ ಮಟ್ಟಿಗೆ ತೊಂದರೆಯೇ.

ಬಿಪಿ ಮಾತ್ರೆ ಅಲ್ಲದ ಎರಡು ಬಗೆಯ ಔಷಧಿಗಳನ್ನು ಇಲ್ಲಿ ಹೇಳದೆ ಬಿಡಲಾರೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ. ಡೈಯುರೆಟಿಕ್, ಸಾರ್ಟಾನ್ ಎರಡರ ಜೊತೆ ಇವೂ ಸೇರಿದರೆ ಕಿಡ್ನಿಗೆ ಭಾರಿ ಪೆಟ್ಟು. ಇನ್ನು ಸಿಪ್ರೊಫ್ಲೊಕ್ಸಾಸಿನ್, ಲೆವೊಫ್ಲೊಕ್ಸಾಸಿನ್ ಆಂಟಿಬಯಾಟಿಕ್‌ಗಳು. ಮಹಾಪಧಮನಿ ಉಬ್ಬಿರುವವರು, ಮಾರ್ಫನ್ ಮತ್ತು ಎಹ್ಲರ್ಸ್-ಡಾನ್ಲೋಸ್ ಇರುವವರು ಬೇರೆ ದಾರಿ ಇದ್ದರೆ ಇವನ್ನು ತೆಗೆದುಕೊಳ್ಳಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಮಾಮೂಲಿ ಮೂತ್ರದ ಸೋಂಕಿಗೂ ಇವನ್ನು ಬರೆಯುವುದುಂಟು. ಅಂಥ ಚೀಟಿ ಕೈಗೆ ಬಂದರೆ ಅಲ್ಲೇ ನಿಂತು ಕೇಳಿ.

ಮಹಾಪಧಮನಿಯ ಅಪಾಯ ಇರುವವರು ಯಾವ ಮಾತ್ರೆ ಆರಿಸಿಕೊಂಡರೂ ಒಂದು ಚೀಟಿ ಪರ್ಸಿನಲ್ಲಿರಲಿ: ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಕೊನೆಯ ಎಕೋದಲ್ಲಿ (ಹೃದಯದ ಸ್ಕ್ಯಾನ್) ಬಂದ ಮಹಾಪಧಮನಿಯ ಅಳತೆ. ಎದೆಯಲ್ಲೋ ಬೆನ್ನಲ್ಲೋ ಸೀಳಿದಂಥ ನೋವು ದಿಢೀರನೆ ಬಂದರೆ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ನೋವಿನ ಬಗ್ಗೆ ಹೇಳುವುದಕ್ಕೂ ಮುಂಚೆ ಆ ಚೀಟಿ ಕೊಡಿ.